ಜೊತೆಯ ಅಪ್ರೆಂಟಿಸ್‌ಗಳಿಗೆ ಎಷ್ಟು ನೆರವಾಗಬೇಕು, ಹೇಗೆ ನೆರವಾಗಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಅಪ್ರೆಂಟಿಸ್‌ಶಿಪ್ ಒಳಗೊಂಡ ಬಿಸಿಎ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಆಸ್ಪತ್ರೆ, ಕಚೇರಿಗಳಿಗೆ ತಂತ್ರಾಂಶ ಮಾಡಿಕೊಡುವ ಇಲ್ಲಿನ ಕಂಪನಿಯೊಂದರ ಸೇವಾ ವಿನ್ಯಾಸ ತಂಡದಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಆಸ್ಪತ್ರೆಯೊಂದರ ಹೊರರೋಗಿಗಳ ನೋಂದಣಿ ಕೌಂಟರ್ ಕುರಿತು ನಾನು ಮಾಡಿದ ನಕ್ಷೆ, ಅಂದರೆ ಸೇವೆಯ ಹಂತಗಳನ್ನು ತೋರಿಸುವ ಹಾಳೆ, ಎಲ್ಲರಿಗೂ ಹಿಡಿಸಿತು. ಅಂದಿನಿಂದ ಜೊತೆಯ ನಾಲ್ವರು ಅಪ್ರೆಂಟಿಸ್‌ಗಳು ಪ್ರತಿಯೊಂದಕ್ಕೂ ನನ್ನ ಬಳಿ ಬರುತ್ತಾರೆ. ಮೇಲ್ವಿಚಾರಕರೂ ‘ಅವಳನ್ನೇ ಕೇಳಿ’ ಎಂದು ಕಳಿಸುತ್ತಾರೆ. ಹೊತ್ತಿಲ್ಲದಾಗ ನನ್ನ ನಕ್ಷೆಯನ್ನೇ ಕೊಟ್ಟುಬಿಡುತ್ತೇನೆ. ನನ್ನ ರೆಕಾರ್ಡ್ ಪುಸ್ತಕ ಬಾಕಿ ಬಿದ್ದಿದೆ, ಕಚೇರಿ ಬಿಡುವಾಗ ರಾತ್ರಿ ಎಂಟಾಗುತ್ತದೆ. ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಈ ನೆರವು ನನ್ನ ಮೌಲ್ಯಮಾಪನದಲ್ಲಿ ಲೆಕ್ಕಕ್ಕೆ ಬರುತ್ತದೆಯೇ? ಈ ವಿದ್ಯೆಯನ್ನು ನಂಬಿ ದಾವಣಗೆರೆಯಲ್ಲೇ ಇರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ರಾತ್ರಿ ಎಂಟು ಗಂಟೆಯದಲ್ಲ, ‘ನನ್ನ ನಕ್ಷೆಯನ್ನೇ ಕೊಟ್ಟುಬಿಡುತ್ತೇನೆ’ ಎಂಬುದು. ಹೊತ್ತಿನ ಸಮಸ್ಯೆಗೆ ದಾರಿಯಿದೆ, ಅದನ್ನು ಆಮೇಲೆ ಹೇಳುತ್ತೇನೆ. ಜೊತೆಯವರಿಗೆ ನೆರವಾಗುವುದನ್ನು ನಿಲ್ಲಿಸಬೇಡಿ, ಆದರೆ ಸಿದ್ಧ ನಕ್ಷೆ ಕೊಡುವುದನ್ನು ಇಂದೇ ನಿಲ್ಲಿಸಿ. ಅದರಿಂದ ಅವರಿಗೆ ಒಳಿತಾಗುತ್ತಿಲ್ಲ. ಅವರು ಮುಂದೆ ಯಾರ ಕೌಂಟರ್ ಕಟ್ಟಿಕೊಡುತ್ತಾರೋ ಆ ಜನರಿಗಂತೂ ಖಂಡಿತ ಆಗುತ್ತಿಲ್ಲ.

ಈ ವಿದ್ಯೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಒಂದು ಸೇವೆಯನ್ನು ಪಡೆಯುವವರು ಮನೆಯಿಂದ ಹೊರಟ ಗಳಿಗೆಯಿಂದ ಕೆಲಸ ಮುಗಿಸಿಕೊಂಡು ಮನೆ ಸೇರುವವರೆಗೆ ಏನೇನು ನಡೆಯುತ್ತದೆ, ಅದರಲ್ಲಿ ಅವರ ಕಣ್ಣಿಗೆ ಬೀಳುವುದೆಷ್ಟು, ಕೌಂಟರಿನ ಹಿಂದೆ ನಡೆಯುವುದೆಷ್ಟು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು, ಎಲ್ಲಿ ತೊಡಕಿದೆಯೋ ಅಲ್ಲಿ ಸರಿಪಡಿಸುವುದು ಸೇವಾ ವಿನ್ಯಾಸ. ಆ ಹಾಳೆಗೆ ಸರ್ವಿಸ್ ಬ್ಲೂಪ್ರಿಂಟ್ ಎನ್ನುತ್ತಾರೆ, ನಾವು ನಕ್ಷೆ ಎಂದು ಕರೆಯೋಣ. ಅಮೆರಿಕದ ಬ್ಯಾಂಕ್ ಅಧಿಕಾರಿಯಾಗಿದ್ದ ಜಿ. ಲಿನ್ ಶೋಸ್ಟ್ಯಾಕ್ 1984ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಇದನ್ನು ವಿವರಿಸುವಾಗ ತೆಗೆದುಕೊಂಡ ಉದಾಹರಣೆ ರಸ್ತೆ ಬದಿಯಲ್ಲಿ ಶೂ ಪಾಲಿಷ್ ಮಾಡುವವನದು. ಬ್ರಷ್ ಆಡಿಸುವುದು, ಪಾಲಿಷ್ ಹಚ್ಚುವುದು, ದುಡ್ಡು ಪಡೆಯುವುದು ಗಿರಾಕಿಗೆ ಕಾಣುತ್ತದೆ. ಪಾಲಿಷ್ ಡಬ್ಬಿ ಕೊಂಡು ತರುವ ಕೆಲಸ ಕಾಣುವುದಿಲ್ಲ. ತಪ್ಪು ಬಣ್ಣದ ಪಾಲಿಷ್ ಹಚ್ಚಿಬಿಟ್ಟರೆ ಏನು ಮಾಡಬೇಕು ಎಂಬುದನ್ನೂ ಅವರು ಆ ಹಾಳೆಯಲ್ಲೇ ಗುರುತಿಸಿದ್ದರು. ವಿಷಯ ಇನ್ನೂ ಎಳೆಯದು: ಜರ್ಮನಿಯ ಕಲೋನ್‌ನಲ್ಲಿ ಬಿರ್ಗಿಟ್ ಮಾಗರ್ ಸೇವಾ ವಿನ್ಯಾಸದ ಪ್ರಾಧ್ಯಾಪಕರಾದದ್ದು 1995ರಲ್ಲಿ. ನಮ್ಮ ಕಡೆಯ ಊರುಗಳಲ್ಲಿ ಇದನ್ನು ಕಲಿತು ಪಳಗಿದ ಹಿರಿಯರ ಸಾಲೇ ಇಲ್ಲದಿರುವುದರಿಂದ ನಿಮ್ಮ ಜೊತೆಯವರು ನಿಮ್ಮ ಮೇಜಿನತ್ತ ಬರುತ್ತಾರೆ. ಅದು ಸೋಮಾರಿತನವೆಂದು ಬಗೆಯಬೇಡಿ.

ಸಿದ್ಧ ನಕ್ಷೆ ಕೊಟ್ಟರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರುವುದು ಸ್ವಂತ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ದಾವಣಗೆರೆ ನಗರದ ಒಂದು ಸೇವಾ ಕೇಂದ್ರಕ್ಕೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿಯ ನಕ್ಷೆ ಮಾಡಿಕೊಟ್ಟಿದ್ದೆ. ಅಲ್ಲಿ ಅದು ಚೆನ್ನಾಗಿ ನಡೆಯಿತು. ನನಗಿಂತ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಜಗಳೂರು ಕಡೆಯ ಹಳ್ಳಿಯೊಂದರ ಕೇಂದ್ರದ ಕೆಲಸ ಬಂದಾಗ, ನೆರವಾಗುವ ಉತ್ಸಾಹದಲ್ಲಿ ಅದೇ ನಕ್ಷೆಯನ್ನು ಕೊಟ್ಟೆ. ಅವರು ಊರ ಹೆಸರು ಬದಲಿಸಿ, ಬಾಣಗಳನ್ನು ಅಂದಗೊಳಿಸಿ ಒಪ್ಪಿಸಿದರು. ತಿಂಗಳಾಗುವಷ್ಟರಲ್ಲಿ ಅಲ್ಲಿಂದ ದೂರು ಬಂತು: ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಅರ್ಜಿಗೆ ಜನ ಅರ್ಧ ದಿನ ಕೂರುತ್ತಿದ್ದಾರೆ ಎಂದು.

ನಾನು ಹೋಗಿ ಒಂದು ಇಡೀ ದಿನ ಆ ಕೇಂದ್ರದ ಬೆಂಚಿನ ಮೇಲೆ ಕುಳಿತೆ. ಮೊದಲ ಬಸ್ಸಿಗೆ ಬಂದಿದ್ದ ಸುಮಾರು ಅರವತ್ತರ ಹೆಣ್ಣುಮಗಳೊಬ್ಬರು ಕಾಗದಪತ್ರವನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ತಂದಿದ್ದರು. ಆಪರೇಟರ್ ಹೆಸರು, ವಿಳಾಸ ಟೈಪ್ ಮಾಡಿ, ‘ಅಮ್ಮಾ, ಒಟಿಪಿ ಬಂದೈತಿ ನೋಡ್ರಿ’ ಎಂದರು. ಆಕೆ ಎಲೆಅಡಿಕೆ ಚೀಲದಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಆಧಾರ್‌ಗೆ ಜೋಡಣೆಯಾಗಿದ್ದ ಮೊಬೈಲ್ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗನದು, ಚೀಟಿಯಲ್ಲಿದ್ದದ್ದು ಆ ನಂಬರ್. ಆಪರೇಟರ್ ತಮ್ಮದೇ ಫೋನಿನಿಂದ ಕರೆ ಮಾಡಿದರು. ಮಗ ಪಾಳಿಯಲ್ಲಿದ್ದ, ಎತ್ತಲಿಲ್ಲ. ಆಕೆ ಪಕ್ಕಕ್ಕೆ ಸರಿದು ನನ್ನ ಬೆಂಚಿನಲ್ಲೇ ಕುಳಿತರು. ಮುಕ್ಕಾಲು ಗಂಟೆಯ ನಂತರ ಮಗ ತಿರುಗಿ ಕರೆ ಮಾಡಿ ಸಂಖ್ಯೆ ಹೇಳಿದಾಗ ಅದರ ಗಡುವು ಮುಗಿದಿತ್ತು, ಮತ್ತೆ ಮೊದಲಿನಿಂದ. ನಾನು ನೋಡುತ್ತಿದ್ದಂತೆ ಆಪರೇಟರ್ ಕೀಬೋರ್ಡಿನ ಕೆಳಗಿನಿಂದ ಉದ್ದನೆಯ ನೋಟ್‌ಬುಕ್ಕೊಂದನ್ನು ತೆಗೆದು ಆಕೆಯ ಹೆಸರು, ಮಗನ ನಂಬರ್ ಬರೆದು, ಮುಂದೆ ‘ಬೆಳಗಿನ ಪಾಳಿ, 3ರ ಮೇಲೆ ಫೋನ್’ ಎಂದು ಸೇರಿಸಿದರು. ಹಿಂದಿನ ಪುಟಗಳಲ್ಲಿ ಅಂಥ ಹೆಸರುಗಳು ನೂರಾರು ಇದ್ದವು. ಆ ಹಳ್ಳಿಯ ಸೇವೆಯ ನಿಜವಾದ ನಕ್ಷೆ ಅದು, ಕೀಬೋರ್ಡಿನ ಕೆಳಗೆ ಇತ್ತು. ನಾನು ಕೊಟ್ಟ ಹಾಳೆಯಲ್ಲಿ ಅದಕ್ಕೆ ಒಂದು ಚೌಕವೂ ಇರಲಿಲ್ಲ, ಏಕೆಂದರೆ ನಗರದ ಕೇಂದ್ರಕ್ಕೆ ಬರುವವರ ಕೈಯಲ್ಲಿ ಅವರದೇ ಫೋನ್ ಇರುತ್ತಿತ್ತು. ಸಹೋದ್ಯೋಗಿಯ ಮೇಲೆ ಆಗ ನನಗೆ ಸಿಟ್ಟು ಬಂದಿತ್ತು, ಈಗ ಬರುವುದಿಲ್ಲ. ಬಾಣ ಎಲ್ಲಿ ಹಾಕಬೇಕೆಂದು ಮಾತ್ರ ನಾನು ಅವರಿಗೆ ತೋರಿಸಿದ್ದೆ. ಬೆಂಚಿನ ಮೇಲೆ ಕೂರಬೇಕೆಂದು ಹೇಳಿರಲಿಲ್ಲ.

ಆದ್ದರಿಂದ ಮುಂದಿನ ಸಲ ಯಾರಾದರೂ ನಿಮ್ಮ ಮೇಜಿನ ಬಳಿ ಬಂದಾಗ ಫೈಲ್ ಕೊಡದೆ ಒಂದು ಬೆಳಗ್ಗೆ ಕೊಡಿ. ಅವರ ಕೆಲಸದ ಜಾಗಕ್ಕೆ, ಅಲ್ಲಿಯವರ ಅನುಮತಿ ಪಡೆದು, ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರೂ ಹೋಗಿ. ಒಂದು ಗಂಟೆ ಪರಸ್ಪರ ಮಾತಾಡದೆ, ಬೇರೆ ಬೇರೆ ಮೂಲೆಯಲ್ಲಿ ನಿಂತು, ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳಿ: ಯಾರು ಯಾರನ್ನು ಏನು ಕೇಳಿದರು, ಗಾಜಿಗೆ ಅಂಟಿಸಿದ ರಟ್ಟಿನ ಮೇಲೆ ಕೈಬರಹದಲ್ಲಿ ಏನಿದೆ, ಝೆರಾಕ್ಸ್‌ಗಾಗಿ ಎಷ್ಟು ಜನ ಸಾಲು ಬಿಟ್ಟು ಹೊರಗೆ ಹೋದರು. ಆಮೇಲೆ ಟೀ ಕುಡಿಯುತ್ತ ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವರು ಬಿಟ್ಟದ್ದು ಅವರಿಗೇ ಕಾಣುತ್ತದೆ, ನೀವು ತಿದ್ದಬೇಕಾಗುವುದಿಲ್ಲ. ನೀವು ಬಿಟ್ಟದ್ದು ಅವರ ಪುಸ್ತಕದಲ್ಲಿ ಇರುತ್ತದೆ ಎಂಬುದನ್ನೂ ಮರೆಯಬೇಡಿ; ಒಂದು ಕೆಲಸದಲ್ಲಿ ಮೆಚ್ಚುಗೆ ಪಡೆದವರ ಕಣ್ಣು ಆ ಕೆಲಸದ ಅಳತೆಗೇ ಒಗ್ಗಿಬಿಡುವ ಅಪಾಯವಿದೆ, ಮತ್ತು ಈ ಹೊತ್ತಿನಲ್ಲಿ ಆ ಅಪಾಯ ನಿಮಗಿರುವಷ್ಟು ನಿಮ್ಮ ಜೊತೆಯವರಿಗಿಲ್ಲ.

ಜನರನ್ನು ಮಾತಾಡಿಸುವುದನ್ನೂ ಹೀಗೆ ಜೊತೆಯಲ್ಲಿ ನಿಂತೇ ಕಲಿಸಬೇಕು. ‘ಇಲ್ಲಿ ನಿಮಗೇನು ತೊಂದರೆ?’ ಎಂದು ನಮ್ಮ ಕಡೆಯ ಹಿರಿಯರನ್ನು ಕೇಳಿದರೆ ‘ಏನಿಲ್ಲ ಬಿಡ್ರಿ, ಚೆನ್ನಾಗೈತಿ’ ಎಂಬ ಉತ್ತರ ಬರುತ್ತದೆ. ಅದು ಅವರ ಮರ್ಯಾದೆ, ಮಾಹಿತಿಯಲ್ಲ. ‘ಮನೆ ಎಷ್ಟೊತ್ತಿಗೆ ಬಿಟ್ರಿ?’ ಎಂದು ಕೇಳಿ ನೋಡಿ. ಬಸ್ಸು ತಪ್ಪಿದ್ದು, ಎಮ್ಮೆ ಹಾಲು ಕರೆಯಲು ನೆರೆಮನೆಯವರಿಗೆ ಹೇಳಿ ಬಂದದ್ದು, ಹೋದ ವಾರ ಬಂದು ಬರಿಗೈಯಲ್ಲಿ ಹಿಂತಿರುಗಿದ್ದು, ಆ ದಿನದ ಕೂಲಿ ಹೋದದ್ದು ಒಂದರ ಹಿಂದೊಂದು ಬರುತ್ತವೆ. ಹೆಬ್ಬೆಟ್ಟಿನ ಯಂತ್ರ ಬೆರಳಚ್ಚು ಹಿಡಿಯದಿದ್ದಾಗ ಜನ ಬೆರಳನ್ನು ತಲೆಗೂದಲಿಗೆ ಉಜ್ಜಿ ಮತ್ತೆ ಒತ್ತುವುದನ್ನು ನೀವೂ ನೋಡಿರುತ್ತೀರಿ. ಜೀವಮಾನವಿಡೀ ಕೈಕೆಲಸ ಮಾಡಿ ರೇಖೆ ಸವೆದವರು ಅವರು. ಮಂಡಕ್ಕಿ ಭಟ್ಟಿಗಳಿರುವ ಈ ಊರಿನಲ್ಲಿ ಅಂಥ ಕೈಗಳಿಗೆ ಕೊರತೆಯಿಲ್ಲ. ‘ಎಷ್ಟು ಸಲ ಒತ್ತಿದ್ರಿ, ಆಮೇಲೆ ಏನು ಮಾಡಿದ್ರಿ?’ ಎಂದು ಕೇಳುವುದನ್ನು ಕಲಿತ ಅಪ್ರೆಂಟಿಸ್‌ಗೆ ನಿಮ್ಮ ನಕ್ಷೆಯ ಅಗತ್ಯ ಬೀಳುವುದಿಲ್ಲ.

ಹೊರಗೆ ಹೋಗಲು ಆಗದ ದಿನಗಳಿಗೆ ಒಂದು ಅಭ್ಯಾಸ ಹೇಳುತ್ತೇನೆ. ಕರ್ನಾಟಕದಲ್ಲಿ 2012ರ ಏಪ್ರಿಲ್ 2ರಿಂದ ಜಾರಿಯಲ್ಲಿರುವ, ಸರ್ಕಾರಿ ಸೇವೆಗಳಿಗೆ ಗಡುವು ಗೊತ್ತುಮಾಡುವ ಸಕಾಲ ವ್ಯವಸ್ಥೆಯ ಸ್ವೀಕೃತಿ ಚೀಟಿಯೊಂದನ್ನು, ಹೆಸರು ಮುಚ್ಚಿ, ನಾಲ್ವರ ಮುಂದೆ ಇಡಿ. ಅದರ ಮೇಲೆ 15 ಅಂಕಿಯ ಸಂಖ್ಯೆ ಇರುತ್ತದೆ, ಕೆಲಸ ಯಾವ ದಿನದೊಳಗೆ ಆಗಬೇಕೆಂಬ ಮಾತಿರುತ್ತದೆ. ಗಡುವು ಮೀರಿದರೆ ಮೇಲ್ಮನವಿಗೂ, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗಿನ ಪರಿಹಾರಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಈ ಒಂದು ಚೀಟಿಯಿಂದ ಹಿಂದಕ್ಕೆ ನಡೆದು, ಆ ಗಡುವು ನಿಲ್ಲಬೇಕಾದರೆ ಯಾರ ಮೇಜಿನ ಮೇಲೆ ಏನಾಗಬೇಕು ಎಂದು ಪ್ರತಿಯೊಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಬರೆಯಲಿ. ನಾಲ್ಕು ಹಾಳೆಗಳೂ ಬೇರೆ ಬೇರೆಯಾಗಿ ಬರುತ್ತವೆ. ಮಾತು ಶುರುವಾಗಬೇಕಾದದ್ದು ಅಲ್ಲಿಂದ.

ನಾಲ್ವರಿಗೂ ಬೇಕಾದ ನೆರವು ಒಂದೇ ಬಗೆಯದಲ್ಲ ಎಂಬುದು ನಿಮಗೆ ಈಗಾಗಲೇ ಅರಿವಾಗಿರಬಹುದು. ಒಬ್ಬರಿಗೆ ಅಪರಿಚಿತರನ್ನು ಮಾತಾಡಿಸಲು ಅಂಜಿಕೆ ಇರುತ್ತದೆ, ಅವರ ಪಕ್ಕದಲ್ಲಿ ಎರಡು ಸಲ ನಿಂತರೆ ಸಾಕು. ಇನ್ನೊಬ್ಬರು ಕಂಪ್ಯೂಟರಿನಲ್ಲಿ ಸೊಗಸಾಗಿ ಬರೆಯುತ್ತಾರೆ, ಹೊರಗೆ ಕಾಲಿಡುವುದಿಲ್ಲ. ಅವರನ್ನು ಮಾತ್ರ ಸ್ವಲ್ಪ ಒತ್ತಾಯಿಸಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಕ್ಷೇತ್ರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ ಮಂಡಿಸುವ ದಿನ ಬಾಯಿಕಟ್ಟಿ ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಂಥವರು ಜನರ ಮಾತನ್ನು ಕನ್ನಡದಲ್ಲೇ, ಆಡಿದ ಹಾಗೆಯೇ, ತೆರೆಯ ಮೇಲೆ ಹಾಕಿ ಅದರ ಬಗ್ಗೆ ಎರಡೇ ವಾಕ್ಯ ಇಂಗ್ಲಿಷಿನಲ್ಲಿ ಹೇಳಲಿ. ಕೇಳುವವರಿಗೂ ಅದೇ ಮನಸ್ಸಿಗೆ ತಟ್ಟುತ್ತದೆ. ಇನ್ನು ಒಂದೇ ಪ್ರಶ್ನೆ ಮೂರನೆಯ ಸಲ ಬಂದಿತೆಂದರೆ ಅದು ವ್ಯಕ್ತಿಯ ಪ್ರಶ್ನೆಯಲ್ಲ, ತರಬೇತಿಯಲ್ಲಿರುವ ತೂತು. ಉತ್ತರವನ್ನು ಎಲ್ಲರಿಗೂ ಸಿಗುವ ಒಂದು ಪುಸ್ತಕದಲ್ಲಿ ಬರೆದಿಟ್ಟು, ಮೇಲ್ವಿಚಾರಕರಿಗೂ ತೋರಿಸಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ನೀವು ಹಂಚಿದ ಆಸ್ಪತ್ರೆಯ ನಕ್ಷೆಯಲ್ಲಿ ರೋಗಿಗಳ ಹೆಸರು, ಫೋಟೋ, ಚೀಟಿಯ ಚಿತ್ರ, ಆಧಾರ್ ಸಂಖ್ಯೆ ಏನಾದರೂ ಉಳಿದಿದ್ದರೆ ಇಂದೇ ಹಿಂದಕ್ಕೆ ಪಡೆದು ಅಳಿಸಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ ದೇಶದಲ್ಲಿ 2023ರಲ್ಲೇ ಕಾಯ್ದೆ ಬಂದಿದೆ. ಕಾಯ್ದೆ ಬಾರದಿದ್ದರೂ, ಕಾಯಿಲೆ ಎಂದು ಬಂದವರ ಗುಟ್ಟು ನಮ್ಮ ಅಭ್ಯಾಸದ ಸಾಮಗ್ರಿಯಾಗಬಾರದು. ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸುವ ಸಂಗ್ರಹಕ್ಕೂ ಇದೇ ನಿಯಮ, ಜೊತೆಗೆ ಕಂಪನಿಯ ಒಪ್ಪಿಗೆಯೂ ಬೇಕು.

ಈಗ ರಾತ್ರಿ ಎಂಟು ಗಂಟೆಯ ವಿಷಯ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ತರಬೇತಿ ಕೊಡುವುದು, ಅದರ ಪ್ರಗತಿಯ ದಾಖಲೆ ಇಡುವುದು ಉದ್ಯೋಗದಾತರ ಹೊಣೆ. ಶ್ರದ್ಧೆಯಿಂದ ಕಲಿಯುವುದು ನಿಮ್ಮ ಹೊಣೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ, ಅಂದರೆ ಕಾಯ್ದೆಯಡಿ ಸರ್ಕಾರ ನೇಮಿಸುವ ಅಧಿಕಾರಿಯ, ಅನುಮತಿಯಿಲ್ಲದೆ ಅಪ್ರೆಂಟಿಸ್‌ಗಳಿಂದ ಹೆಚ್ಚುವರಿ ಅವಧಿಯ ಕೆಲಸ ಮಾಡಿಸುವಂತಿಲ್ಲ, ಮಾಡಲು ಬಿಡುವಂತೆಯೂ ಇಲ್ಲ. ‘ಅವಳನ್ನೇ ಕೇಳಿ’ ಎಂದು ನಿಮ್ಮ ಮೇಲ್ವಿಚಾರಕರು ಅನ್ನುವುದರಲ್ಲಿ ಕೆಟ್ಟ ಉದ್ದೇಶವಿದೆ ಎಂದು ನನಗನಿಸುವುದಿಲ್ಲ, ನಿಮ್ಮ ಮೇಲಿನ ನಂಬಿಕೆಯೇ ಇರಬಹುದು. ಆದರೂ ತರಬೇತಿ ಕೊಡುವ ಹೊಣೆ ಹೀಗೆ ಸದ್ದಿಲ್ಲದೆ ತರಬೇತಿ ಪಡೆಯುವವರ ಹೆಗಲಿಗೆ ಜಾರುವುದು ಸರಿಯಲ್ಲ. ನಿಮ್ಮ ಒಪ್ಪಂದಪತ್ರದಲ್ಲಿ ಕೆಲಸದ ಅವಧಿ ಎಷ್ಟೆಂದು ನಮೂದಾಗಿದೆ ನೋಡಿಕೊಳ್ಳಿ. ನಿಮ್ಮ ಶಿಷ್ಯವೇತನವನ್ನೂ ಒಮ್ಮೆ ತಾಳೆ ನೋಡಿ. 2019ರ ತಿದ್ದುಪಡಿಯಲ್ಲಿ ಪದವಿ ಅಪ್ರೆಂಟಿಸ್‌ಗಳಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿಯಾಗಿತ್ತು. ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ನೀವು ನೋಂದಣಿಯಾಗಿದ್ದರೆ, ಕರ್ನಾಟಕದವರಿಗೆ ಸಂಬಂಧಪಟ್ಟ ಮಂಡಳಿ ಚೆನ್ನೈನಲ್ಲಿದೆ. ತರಬೇತಿ ಮುಗಿದಾಗ ಪ್ರಮಾಣಪತ್ರ ಬರಬೇಕಾದದ್ದೂ ಅಲ್ಲಿಂದಲೇ. ರೆಕಾರ್ಡ್ ಪುಸ್ತಕ ಬಾಕಿ ಬೀಳಲು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಅದಕ್ಕಾಗಿಯೇ. ಪ್ರತಿದಿನ ಕಚೇರಿ ಬಿಡುವ ಮುನ್ನ ಹದಿನೈದು ನಿಮಿಷ ಅದಕ್ಕೇ ಮೀಸಲಿರಲಿ, ಆ ಹೊತ್ತಿನಲ್ಲಿ ಯಾರು ಬಂದರೂ ‘ನಾಳೆ ಹನ್ನೊಂದಕ್ಕೆ ಕೂತು ನೋಡೋಣ’ ಎನ್ನಿ. ಅದು ಇಲ್ಲ ಎಂದಂತಲ್ಲ.

ನೆರವು ಮೌಲ್ಯಮಾಪನದಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂಬುದಕ್ಕೆ ನಿಮ್ಮ ಕಾಲೇಜಿನ ಅಂಕ ಹಂಚಿಕೆಯ ಪಟ್ಟಿಯೇ ಕೊನೆಯ ಮಾತು. ಅದನ್ನು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗಳಿಗೆ ಮಾರ್ಗಸೂಚಿ ಹೊರಡಿಸಿದ ಮೇಲೆ ಕೆಲಸದ ಜಾಗದ ಕಲಿಕೆಯೂ ಪದವಿಯ ಕ್ರೆಡಿಟ್‌ಗಳ ಭಾಗವಾಗಿದೆ. 2015ರಿಂದ ಪದವಿ ಅಪ್ರೆಂಟಿಸ್‌ಶಿಪ್ ನಡೆಸುತ್ತಿರುವ ಇಂಗ್ಲೆಂಡಿನಲ್ಲಿ ಜ್ಞಾನ ಮತ್ತು ಕೌಶಲದ ಜೊತೆಗೆ ವೃತ್ತಿಯಲ್ಲಿನ ನಡವಳಿಕೆಯನ್ನೂ ಅಳೆಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ತಂಡದ ಕೆಲಸ ಎಂಬ ಒಂದು ಸಾಲಿದ್ದರೂ ಸಾಕು, ಆದರೆ ಬರೆಯುವ ರೀತಿ ಮುಖ್ಯ. ‘ಜೊತೆಯವರಿಗೆ ಸಹಾಯ ಮಾಡಿದೆ’ ಎಂದು ಬರೆದರೆ ಮೌಲ್ಯಮಾಪಕರ ಕೈಗೆ ಏನೂ ಸಿಗುವುದಿಲ್ಲ. ಯಾವ ದಿನ, ಯಾರ ಜೊತೆ, ಎಲ್ಲಿಗೆ ಹೋದಿರಿ, ಅವರು ಮೊದಲು ಏನು ಬಿಟ್ಟಿದ್ದರು, ಎರಡನೆಯ ಸಲ ಏನನ್ನು ತಾವಾಗಿಯೇ ಕಂಡುಕೊಂಡರು, ಅವರಿಂದ ನಿಮ್ಮ ನಕ್ಷೆಯಲ್ಲಿ ಏನು ಬದಲಾಯಿತು ಎಂದು ಬರೆಯಿರಿ. ಜೊತೆಯವರ ಒಪ್ಪಿಗೆ ಪಡೆದೇ ಬರೆಯಿರಿ. ಅವರ ಕೊರತೆಯ ಪಟ್ಟಿಯಂತೆ ಅದು ಓದಿಸಬಾರದು.

ದಾವಣಗೆರೆಯಲ್ಲೇ ಇರಬಹುದೇ ಎಂಬ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ‘ಸರ್ವಿಸ್ ಡಿಸೈನರ್’ ಎಂಬ ಹೆಸರಿನ ಹುದ್ದೆಯನ್ನೇ ಹುಡುಕಿದರೆ ಬೆಂಗಳೂರಿನತ್ತ ಮುಖ ಮಾಡಬೇಕಾಗುತ್ತದೆ. ಎರಡು ಮೂರು ವರ್ಷ ದೊಡ್ಡ ತಂಡದಲ್ಲಿ ಪಳಗಿ ಬರುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಹೆಸರನ್ನು ಬದಿಗಿಟ್ಟು ಕೆಲಸವನ್ನು ನೋಡಿದರೆ ಇಲ್ಲಿ ಬೇಕಾದಷ್ಟಿದೆ. ಈ ಊರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಚಿತ್ರದುರ್ಗ, ಹಾವೇರಿ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಎಪಿಎಂಸಿಗೆ ಮೆಕ್ಕೆಜೋಳದ ಹಂಗಾಮಿನಲ್ಲಿ ಬರುವ ರೈತರು, ಚನ್ನಗಿರಿಯ ಅಡಿಕೆ ಬೆಳೆಗಾರರು, ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಶೇಂಗಾ ತರುವವರು ಎಲ್ಲರೂ ಯಾವುದಾದರೂ ಕೌಂಟರಿನ ಮುಂದೆ ನಿಲ್ಲುವವರೇ. ಜಾಹೀರಾತುಗಳಲ್ಲಿ ಈ ಕೆಲಸ ಬಿಸಿನೆಸ್ ಅನಲಿಸ್ಟ್, ಪ್ರಾಜೆಕ್ಟ್ ಕೋಆರ್ಡಿನೇಟರ್, ಯುಎಕ್ಸ್ ರಿಸರ್ಚರ್ (ಬಳಕೆದಾರರ ಅನುಭವವನ್ನು ಅಧ್ಯಯನ ಮಾಡುವವರು) ಎಂಬ ಹೆಸರುಗಳಲ್ಲಿ ಅಡಗಿರುತ್ತದೆ. ನಿಮ್ಮ ಈಗಿನ ಕಂಪನಿ ಕೆಲಸ ಕೊಡಲೇಬೇಕೆಂದು ಕಾಯ್ದೆಯಲ್ಲಿಲ್ಲ, ಆದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳದೆ ಈಗಿನಿಂದಲೇ ಈ ಹೆಸರುಗಳ ಮೇಲೂ ಕಣ್ಣಿಡಿ.

ಮೇಲ್ವಿಚಾರಕರನ್ನು ಹೇಗೆ ಕೇಳುವುದೆಂಬ ಅಳುಕು ನಿಮ್ಮ ಪತ್ರದುದ್ದಕ್ಕೂ ಇದೆ. ಇದನ್ನು ನಿಮ್ಮ ಮಾತಿನಲ್ಲಿ ತಿದ್ದಿಕೊಂಡು ಸೋಮವಾರವೇ ಕಳಿಸಿ:

‘ಮಾನ್ಯರೇ, ಕಳೆದ ಕೆಲವು ತಿಂಗಳಿಂದ ನಾಲ್ವರು ಸಹ ಅಪ್ರೆಂಟಿಸ್‌ಗಳ ಕೆಲಸಕ್ಕೆ ನೆರವಾಗುತ್ತಿದ್ದೇನೆ, ಮುಂದುವರಿಸುವ ಮನಸ್ಸೂ ಇದೆ. ಇದಕ್ಕಾಗಿ ಕಚೇರಿ ಅವಧಿಯೊಳಗೆ ಮಂಗಳವಾರ ಮತ್ತು ಶುಕ್ರವಾರ ಹನ್ನೊಂದರಿಂದ ಹನ್ನೆರಡರವರೆಗೆ ಸಮಯ ಗೊತ್ತುಮಾಡಿಕೊಡಬೇಕೆಂದು ಕೋರುತ್ತೇನೆ. ತಿಂಗಳಿಗೆ ಎರಡು ಬೆಳಗ್ಗೆ ಅವರೊಡನೆ ಕ್ಷೇತ್ರಕ್ಕೆ ಹೋಗಲು ಅನುಮತಿ ಬೇಕು. ಮೊದಲ ಭೇಟಿಗೆ ತಾವೂ ಬಂದರೆ ನಮಗೆಲ್ಲರಿಗೂ ಹೆಚ್ಚು ಕಲಿಯಲು ಸಿಗುತ್ತದೆ. ಈ ಕೆಲಸವನ್ನು ನನ್ನ ರೆಕಾರ್ಡ್ ಪುಸ್ತಕದಲ್ಲಿ ನಮೂದಿಸಿ ತಮ್ಮ ಸಹಿ ಪಡೆಯಲು ಅವಕಾಶ ಕೊಡಿ.’